ವಾಂತಿ ಮಾತ್ರೆಯೇ ವಾಂತಿಯಾಗಿ ಹೋಗುತ್ತಿದೆಯೇ? ಯಾವುದು ಮೊದಲು, ಯಾವುದು ಆಮೇಲೆ

ಸಕಲೇಶಪುರದಲ್ಲಿ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನನಗೆ ಹದಿನಾರು ವರ್ಷ ಆಯಿತು. "ಅಣ್ಣ, ಒಂದು ವಾಂತಿ ಮಾತ್ರೆ ಕೊಡಿ" ಎಂದು ತೆಗೆದುಕೊಂಡು ಹೋದವರು ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬರುತ್ತಾರೆ. "ಮಾತ್ರೆನೂ ಆಚೆ ಬಂತು. ಇದಕ್ಕಿಂತ ಸ್ಟ್ರಾಂಗ್ ಇದ್ದರೆ ಕೊಡಿ." ಹೇಗೆ ನುಂಗಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚು ಕಡಿಮೆ ಒಂದೇ. ಒಂದು ಚೊಂಬು ನೀರು. ಅದರ ಹಿಂದೆಯೇ ನಿಂಬೆ ಶರಬತ್ತು. ಆಮೇಲೆ ಸುಸ್ತು ಹೋಗಲಿ ಎಂದು ಅರ್ಧ ಲೋಟ ಕಾಫಿ.

ಇಲ್ಲಿ ತಪ್ಪು ಮಾತ್ರೆಯದಲ್ಲ, ಕ್ರಮದ್ದು. ಮಾತ್ರೆ ಬರಬೇಕಾದದ್ದು ಐದನೇ ಹಂತದಲ್ಲಿ. ನಾವು ಅದರಿಂದಲೇ ಶುರು ಮಾಡುತ್ತೇವೆ. ಇನ್ನೊಂದು ಮಾತು: 'ವಾಂತಿ ಮಾತ್ರೆ' ಎಂಬ ಒಂದೇ ಮಾತ್ರೆ ಇಲ್ಲ. ಘಾಟಿಯ ವಾಂತಿಗೆ ಒಂದು, ಬಸುರಿಗೆ ಒಂದು, ಹಾಳಾದ ಊಟದ ವಾಂತಿಗೆ ಇನ್ನೊಂದು. ಅದಲು ಬದಲಾದರೆ ಕೆಲಸ ಮಾಡುವುದಿಲ್ಲ.

ಮನೆಯಲ್ಲಿ ಮೊದಲೇ ಇರಬೇಕಾದ್ದು

ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ಎರಡು. ಒಂದು ಲೀಟರ್ ಹಿಡಿಯುವ, ಅಳತೆ ಗೊತ್ತಿರುವ ಬಾಟಲಿ. 5 ಮಿ.ಲೀ. ಚಮಚ, ಅಥವಾ ಸೂಜಿ ಇಲ್ಲದ ಸಿರಿಂಜು. ಥರ್ಮಾಮೀಟರ್. ಒಂದು ಕಾಗದ, ಪೆನ್ನು. ಕಾಗದ ಯಾಕೆ ಅಂದರೆ, ಎಷ್ಟು ಹೊತ್ತಿಗೆ ವಾಂತಿ ಆಯಿತು, ಕೊನೆಯ ಸಲ ಮೂತ್ರ ಯಾವಾಗ ಆಯಿತು ಎಂದು ಡಾಕ್ಟರ್ ಕೇಳಿದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ರೋಗಿ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಅದರಲ್ಲೇ ಬರೆದಿಡಿ.

ಹಂತ 1: ಇದು ಮನೆಯಲ್ಲಿ ನೋಡಿಕೊಳ್ಳುವ ವಾಂತಿಯೇ?

ಅಂಗಡಿಗೆ ಬರುವ ಮೊದಲು ಇದನ್ನು ತೀರ್ಮಾನಿಸಿ. ಕೆಳಗಿನ ಯಾವುದಾದರೂ ಒಂದು ಕಂಡರೆ ಮಾತ್ರೆ ಹುಡುಕಬೇಡಿ, ಗಾಡಿ ಹುಡುಕಿ. 108ಕ್ಕೆ ಫೋನ್ ಮಾಡಿ.

ವಾಂತಿಯಲ್ಲಿ ಕೆಂಪು ರಕ್ತ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ ಕೆಂಪಗಿರುವುದಿಲ್ಲ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುತ್ತದಲ್ಲ ಚರಟ, ಹಾಗೆ ಕಂದು ಕಪ್ಪಾಗಿ ಬರುತ್ತದೆ. "ಬೆಳಿಗ್ಗೆ ಕುಡಿದ ಕಾಫಿ ಬಂತು" ಎಂದು ಸುಮ್ಮನಾದವರನ್ನು ನೋಡಿದ್ದೇನೆ. ಮಂಡಿನೋವಿಗೆ ದಿನಾ ಮಾತ್ರೆ ನುಂಗುವ ವಯಸ್ಸಾದವರಲ್ಲಿ ಇದರ ಬಗ್ಗೆ ಹುಷಾರು.

ಹೊಟ್ಟೆ ಉಬ್ಬಿ ಗಟ್ಟಿಯಾಗಿ, ಗಾಳಿಯೂ ಹೋಗದೆ ಮಲವೂ ಹೋಗದೆ ಹಸಿರು ವಾಂತಿ ಆಗುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ವಾಂತಿ ಮಾತ್ರೆ ಕೊಟ್ಟರೆ ವಾಂತಿ ಮಾತ್ರ ನಿಲ್ಲುತ್ತದೆ, ಒಳಗಿನ ತೊಂದರೆ ಮರೆಯಾಗಿ ಬೆಳೆಯುತ್ತದೆ. ಹಸುಗೂಸು ಹಸಿರು ವಾಂತಿ ಮಾಡಿದರೆ ಒಂದು ಸಲವೂ ಕಾಯಬಾರದು.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ವಾಂತಿ. ಸಹಿಸಲಾಗದ ತಲೆನೋವು, ಜ್ವರ, ಕತ್ತು ಬಗ್ಗಿಸಲು ಆಗದಿರುವುದು. ಮಾತು ತೊದಲುವುದು, ಮಂಪರು. ಇವು ಮೂರೂ ನೇರವಾಗಿ ಆಸ್ಪತ್ರೆಯ ಕೇಸುಗಳು.

ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ತಣ್ಣನೆ ಬೆವರು, ಎದೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಭಾರ, ಜೊತೆಗೆ ವಾಂತಿ ಬಂದರೆ ಅದನ್ನು ಗ್ಯಾಸ್ ಅಂದುಕೊಳ್ಳಬೇಡಿ. ಹೃದಯಾಘಾತ ಹೀಗೂ ಬರುತ್ತದೆ. ಹೆಂಗಸರಲ್ಲಿ ಎದೆನೋವು ಜೋರಾಗಿ ಇಲ್ಲದೆಯೂ ಬರಬಹುದು.

ನಮ್ಮ ಕಡೆಯ ಇನ್ನೊಂದು ವಿಷಯ, ತೋಟದಲ್ಲಿ ಔಷಧಿ ಹೊಡೆಯುವುದು. ಕ್ಲೋರ್‌ಪೈರಿಫಾಸ್ ಜಾತಿಯ ಔಷಧಿ ಹೊಡೆದು, ಕೈ ತೊಳೆಯದೆ ಬೀಡಿ ಸೇದಿದ ಒಬ್ಬರನ್ನು ಸಂಜೆ "ಪಿತ್ತ ಆಗಿದೆ" ಎಂದು ಅಂಗಡಿಗೆ ಕರೆತಂದಿದ್ದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಅದು ಪಿತ್ತ ಅಲ್ಲ, ವಿಷ. ಹೀಗಾದರೆ ಬಟ್ಟೆ ಬಿಚ್ಚಿಸಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ.

ತೋಟದ ಲೈನ್ ಮನೆಯಿಂದ ಹಾಸನದ ಹಿಮ್ಸ್‌ಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಒಂದೂವರೆ ಗಂಟೆ ದಾರಿ ಇದ್ದರೆ, ನಿಮ್ಮ ನಿರ್ಧಾರವೂ ಪೇಟೆಯವರಿಗಿಂತ ಒಂದೂವರೆ ಗಂಟೆ ಮುಂಚೆ ಆಗಬೇಕು. ಜುಲೈ ಮಳೆಯಲ್ಲಿ ರಾತ್ರಿ ಮರ ಬಿದ್ದು ರಸ್ತೆ ಬಂದ್ ಆಗುವ ಜಾಗದಲ್ಲಿದ್ದರೆ ಕತ್ತಲಾಗುವ ಮೊದಲೇ ಹೊರಡಿ.

ಹಂತ 2: ವಾಂತಿ ಎಲ್ಲಿಂದ ಹೊರಟಿದೆ ಎಂದು ಹುಡುಕಿ

ವಾಂತಿ ಮಾಡಿಸುವುದು ಹೊಟ್ಟೆಯಲ್ಲ, ಮೆದುಳಿನ ಬುಡದಲ್ಲಿರುವ ಒಂದು ಕೇಂದ್ರ. ಅದಕ್ಕೆ ನಾಲ್ಕು ಕಡೆಯಿಂದ ಸುದ್ದಿ ಹೋಗುತ್ತದೆ. ಕರುಳು ಕೆಟ್ಟಾಗ ಅಲ್ಲಿಂದ ಸೆರೊಟೋನಿನ್ ಎಂಬ ರಾಸಾಯನಿಕದ ಮೂಲಕ. ರಕ್ತದಲ್ಲಿ ವಿಷವೋ ಔಷಧಿಯೋ ಜಾಸ್ತಿಯಾದಾಗ, ರಕ್ತವನ್ನು ಪರೀಕ್ಷಿಸುವ ಮೆದುಳಿನ ಇನ್ನೊಂದು ಜಾಗದಿಂದ. ಬಸ್ಸು ತಿರುವಿನಲ್ಲಿ ಓಲಾಡಿದಾಗ ಒಳಕಿವಿಯಿಂದ. ಹೆದರಿಕೆ, ಕೆಟ್ಟ ವಾಸನೆ, ನೋವು ಇದ್ದಾಗ ಮೆದುಳಿನ ಮೇಲ್ಭಾಗದಿಂದ. ಒಂದೊಂದು ಮಾತ್ರೆ ಒಂದೊಂದು ದಾರಿಯನ್ನು ಮುಚ್ಚುತ್ತದೆ. ಅದಕ್ಕೇ ಕಾರಣ ಗೊತ್ತಿಲ್ಲದೆ ಮಾತ್ರೆ ಆರಿಸಿದರೆ ತೆರೆದ ಬಾಗಿಲು ಬಿಟ್ಟು ಮುಚ್ಚಿದ ಬಾಗಿಲಿಗೇ ಬೀಗ ಹಾಕಿದಂತೆ.

ಊಟದಿಂದ ಬಂದದ್ದೇ ಎಂದು ತಿಳಿಯಲು ಗಡಿಯಾರ ಸಾಕು. ಮದುವೆ ಊಟ ಮಾಡಿ ಒಂದರಿಂದ ಆರು ಗಂಟೆಯೊಳಗೆ ನಾಲ್ಕಾರು ಜನಕ್ಕೆ ಒಟ್ಟಿಗೆ ವಾಂತಿ ಆದರೆ, ಹೊರಗೇ ಉಳಿದ ಅನ್ನದಲ್ಲೋ ಸಿಹಿಯಲ್ಲೋ ಮೊದಲೇ ಬೆಳೆದ ವಿಷ ಕಾರಣ ಇರಬಹುದು. ಇದು ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ವಾಂತಿಯ ಜೊತೆ ಭೇದಿ, ಮೈಕೈ ನೋವು ಇದ್ದು, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದರೆ ವೈರಸ್.

ಕಾಡಿನ ಅಣಬೆ ಮಾತ್ರ ಈ ಲೆಕ್ಕವನ್ನು ತಿರುಗುಮುರುಗು ಮಾಡುತ್ತದೆ. ತಿಂದ ಕೂಡಲೇ ವಾಂತಿಯಾದರೆ ಭಯಪಡುತ್ತೇವೆ, ಆರು ಗಂಟೆಯ ಮೇಲೆ ಶುರುವಾದರೆ "ಅಣಬೆಯಿಂದ ಅಲ್ಲ ಬಿಡು" ಅನ್ನುತ್ತೇವೆ. ನಿಜ ಉಲ್ಟಾ. ತಡವಾಗಿ ಶುರುವಾಗುವುದೇ ಲಿವರ್ ಕೆಡಿಸುವ ಜಾತಿಯ ಲಕ್ಷಣ. ಒಂದು ದಿನ ಸುಧಾರಿಸಿದಂತೆ ಕಂಡು ಆಮೇಲೆ ಮಲಗಿಸುತ್ತದೆ. ಅಣಬೆ ತಿಂದು ವಾಂತಿಯಾದರೆ, ಎಷ್ಟು ಹೊತ್ತಿಗೇ ಆಗಲಿ, ಉಳಿದ ಅಣಬೆ ಸಮೇತ ಆಸ್ಪತ್ರೆಗೆ.

ಜ್ವರ ಇದ್ದರೆ ಕಾಲ ನೋಡಿ. ಮಳೆಗಾಲದಲ್ಲಿ ಡೆಂಗೆ. ಜ್ವರ ಇಳಿಯುವ ಹೊತ್ತಿಗೆ ಬಿಡದೆ ವಾಂತಿ, ಹೊಟ್ಟೆನೋವು ಶುರುವಾದರೆ ಅದು ಡೆಂಗೆಯ ಅಪಾಯದ ಗಂಟೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಪ್ಯಾರಾಸಿಟಮಾಲ್ ಮಾತ್ರ. ಡಿಸೆಂಬರಿನಿಂದ ಮೇವರೆಗೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಕಾಡಿಗೆ ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈ ಮುರಿಯುವಂಥ ನೋವು, ವಾಂತಿ ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಕೇಳಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಮುಟ್ಟು ತಡವಾಗಿದೆಯೇ ಎಂದು ಕೇಳಲು ಸಂಕೋಚ ಬೇಡ. ಹೊಸದಾಗಿ ಶುರುವಾದ ಮಾತ್ರೆಗಳನ್ನೂ ನೋಡಿ. ಮೆಟ್‌ಫಾರ್ಮಿನ್, ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ, ಕೆಲವು ಆಂಟಿಬಯೋಟಿಕ್ ಇವೆಲ್ಲ ಹೊಟ್ಟೆ ತೊಳಸುತ್ತವೆ. ಅಂಥ ವಾಂತಿಗೆ ಇನ್ನೊಂದು ಮಾತ್ರೆ ಸೇರಿಸುವ ಮೊದಲು, ಹಳೆಯದನ್ನು ಊಟದ ನಂತರ ತೆಗೆದುಕೊಳ್ಳಬಹುದೇ ಎಂದು ಬರೆದುಕೊಟ್ಟ ಡಾಕ್ಟರನ್ನು ಕೇಳಿದರೆ ಸಾಕಾಗಬಹುದು.

ಹಂತ 3: ಹೊಟ್ಟೆಗೆ ಸ್ವಲ್ಪ ಹೊತ್ತು ರಜೆ

ವಾಂತಿ ಆದ ತಕ್ಷಣ ಏನೂ ಕೊಡಬೇಡಿ. ಬಾಯಿ ಮುಕ್ಕಳಿಸಿ ಉಗಿಯಲಿ. ಮಕ್ಕಳಿಗೆ ಹತ್ತು ನಿಮಿಷ, ದೊಡ್ಡವರಿಗೆ ಹದಿನೈದರಿಂದ ಮೂವತ್ತು ನಿಮಿಷ ಕಾಯಿರಿ. ಹೊಟ್ಟೆ ಖಾಲಿಯಾದ ಮೇಲೆ ಬಾಯಾರಿಕೆ ಜೋರಾಗುತ್ತದೆ, ನಿಜ. ಆದರೆ ಒಂದೇ ಸಲ ನೀರು ಬಿದ್ದರೆ ಹೊಟ್ಟೆ ಹಿಗ್ಗಿ ಮತ್ತೆ ವಾಂತಿ ಎಳೆಯುತ್ತದೆ.

ಬೆನ್ನಿನ ಮೇಲೆ ಮಲಗಿಸಬೇಡಿ. ಒರಗಿ ಕೂರಿಸಿ, ಇಲ್ಲವೇ ಮಗ್ಗುಲಿಗೆ ಮಲಗಿಸಿ. ಕುಡಿದು ಬಂದು ವಾಂತಿ ಮಾಡಿ ನಿದ್ದೆ ಹೋದವರಿಗೆ ಇದು ಪ್ರಾಣದ ವಿಷಯ.

ಹಂತ 4: ಚಮಚದಲ್ಲಿ ಓಆರ್‌ಎಸ್

ಹೆಚ್ಚು ಜನ ಸೋಲುವುದು ಇಲ್ಲೇ. ಒಂದು ಲೀಟರಿನ ಪ್ಯಾಕೆಟ್ಟಿನಲ್ಲಿ ಸುಮಾರು 21 ಗ್ರಾಂ ಪುಡಿ ಇರುತ್ತದೆ. ಇಡೀ ಪ್ಯಾಕೆಟ್ಟನ್ನು ಒಂದೇ ಸಲ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಸಿ. ಲೋಟಕ್ಕೆ ಅಂದಾಜಿನಲ್ಲಿ ಎರಡು ಚಮಚ ಉದುರಿಸುವುದು, ರುಚಿಗೆ ಸಕ್ಕರೆ ಸೇರಿಸುವುದು, ಕಲಸಿದ ಮೇಲೆ ಕುದಿಸುವುದು, ಮೂರೂ ತಪ್ಪು. ಉಪ್ಪು ಸಕ್ಕರೆಯ ಪ್ರಮಾಣ ಏರುಪೇರಾದರೆ ಕರುಳು ನೀರನ್ನು ಹೀರುವ ಬದಲು ಹೊರಗೆ ಬಿಡುತ್ತದೆ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಚಿಕ್ಕ ಪ್ಯಾಕೆಟ್ ಆದರೆ 200 ಮಿ.ಲೀ.ಗೆ ಇರುತ್ತದೆ, ಮೇಲೆ ಓದಿ ನೋಡಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಸಿಹಿ ಸಿಹಿ ಟೆಟ್ರಾ ಪ್ಯಾಕ್‌ಗಳನ್ನು ಓಆರ್‌ಎಸ್ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಸರಿಹೊಂದದ ಪಾನೀಯಗಳು ಆ ಹೆಸರು ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಆದರೂ ಮಗು ಹಠ ಮಾಡಿತು ಎಂದು ಜನ ಅದನ್ನೇ ಕೇಳುತ್ತಾರೆ.

ಕೊಡುವ ರೀತಿ ಹೀಗೆ. ಎರಡು ನಿಮಿಷಕ್ಕೆ ಒಂದು ಚಮಚ, 5 ಮಿ.ಲೀ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ: ಗಂಟೆಗೆ 150 ಮಿ.ಲೀ. ಒಳಗೆ ಹೋಗುತ್ತದೆ. ಲೋಟದಲ್ಲಿ ಕೊಟ್ಟ 300 ಮಿ.ಲೀ. ಪೂರ್ತಿ ಆಚೆ ಬರುವುದಕ್ಕಿಂತ ಇದು ಲಾಭ ಅಲ್ವಾ? ಅಜ್ಜಿಯೊಬ್ಬರು ಮೊಮ್ಮಗನಿಗೆ ಎರಡು ಗಂಟೆ ಹೀಗೆ ಚಮಚ ಹಿಡಿದು ಕೂತು, ಮಾತ್ರೆ ಮುಟ್ಟದೇ ವಾಂತಿ ನಿಲ್ಲಿಸಿದ್ದನ್ನು ಕಂಡಿದ್ದೇನೆ. ದೊಡ್ಡವರು ಒಂದೊಂದೇ ಗುಟುಕು ಕುಡಿಯಲಿ. ಒಂದು ಗಂಟೆ ನಿಂತರೆ ನಿಧಾನಕ್ಕೆ ಹೆಚ್ಚಿಸಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವೇ, ಪದೇ ಪದೇ ಕುಡಿಸಿ.

ಹಂತ 5: ಈಗ ಮಾತ್ರೆ

ಇವುಗಳಲ್ಲಿ ಹೆಚ್ಚಿನವು ಚೀಟಿ ಮೇಲೆ ಕೊಡಬೇಕಾದ ಔಷಧಿಗಳು. ಡೋಸ್ ಬರೆಯಬೇಕಾದವರು ಡಾಕ್ಟರ್. ಅವರು ಬರೆದದ್ದನ್ನು ಹೇಗೆ ತೆಗೆದುಕೊಳ್ಳಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ನಾನು ಹೇಳುತ್ತೇನೆ.

ಒಂಡಾನ್ಸೆಟ್ರಾನ್. ಎಮ್‌ಸೆಟ್, ಒಂಡೆಮ್, ವೊಮಿಕೈಂಡ್ ಎಂದೆಲ್ಲ ಸಿಗುವುದು ಇದೇ. ಹೆಸರು ಬೇರೆ ಎಂದು ಎರಡು ಬ್ರ್ಯಾಂಡ್ ಒಟ್ಟಿಗೆ ನುಂಗಬೇಡಿ. ಕರುಳಿನಿಂದ ಹೋಗುವ ಸೆರೊಟೋನಿನ್ ದಾರಿಯನ್ನು ಇದು ಮುಚ್ಚುತ್ತದೆ. ಹಾಗಾಗಿ ಊಟ, ವೈರಸ್, ಕೀಮೋಥೆರಪಿ, ಆಪರೇಷನ್ ನಂತರದ ವಾಂತಿಗೆ ಒಳ್ಳೆಯದು. ದೊಡ್ಡವರಿಗೆ ಸಾಮಾನ್ಯವಾಗಿ 4 ಅಥವಾ 8 ಮಿ.ಗ್ರಾಂ ಬರೆಯುತ್ತಾರೆ. ಮಕ್ಕಳಿಗೆ ತೂಕ ನೋಡಿಯೇ ಕೊಡಬೇಕು, ಆದ್ದರಿಂದ ಮಗುವಿನ ತೂಕ ತಿಳಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಭೇದಿ ವಾಂತಿಯಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಒಂದೇ ಡೋಸ್ ಸಾಕು. ಅಣ್ಣನಿಗೆ ಬರೆದ ಸಿರಪ್ಪನ್ನು ತಮ್ಮನಿಗೆ ಅಂದಾಜಿನಲ್ಲಿ ಕುಡಿಸಬೇಡಿ.

ಬಾಯಲ್ಲಿ ಕರಗುವ ಮಾತ್ರೆ ಸಿಕ್ಕಿದರೆ ಅದೇ ವಾಸಿ, ನೀರು ಬೇಕಿಲ್ಲ. ಹಾಳೆಯ ಹಿಂದಿನಿಂದ ಒತ್ತಿ ತೆಗೆದರೆ ಪುಡಿಯಾಗುತ್ತದೆ. ಹಾಳೆ ಸುಲಿದು, ಒಣಗಿದ ಕೈಯಿಂದ ತೆಗೆದು ನಾಲಿಗೆ ಮೇಲಿಡಿ. ಆಮೇಲೆ ಅರ್ಧ ಗಂಟೆ ಗುಟುಕು ಕೂಡ ಬೇಡ. ಅರ್ಧ ಗಂಟೆ ಕಳೆದು ಓಆರ್‌ಎಸ್ ಮತ್ತೆ ಚಮಚದಲ್ಲಿ ಶುರು ಮಾಡಿ. ಮಲಬದ್ಧತೆ, ತಲೆನೋವು ಬರಬಹುದು. ಹೃದಯದ ಬಡಿತದಲ್ಲಿ ಏರುಪೇರು ಇರುವವರು ಮೊದಲೇ ಡಾಕ್ಟರಿಗೆ ಹೇಳಲೇಬೇಕು.

ಡೊಂಪೆರಿಡೋನ್. ಹೊಟ್ಟೆ ಭಾರ, ತಿಂದದ್ದು ಮೇಲಕ್ಕೆ ಬಂದಂತೆ ಆಗುವುದು, ಮೈಗ್ರೇನಿನ ಓಕರಿಕೆ, ಇವಕ್ಕೆ ಇದು. ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು 10 ಮಿ.ಗ್ರಾಂ. ಊಟ ಆದ ಮೇಲೆ ತೆಗೆದುಕೊಂಡರೆ ತಡವಾಗುತ್ತದೆ. ಹೃದಯಕ್ಕೆ ತೊಂದರೆ ಆಗಬಹುದೆಂದು 2014ರಲ್ಲಿ ಯುರೋಪಿನಲ್ಲಿ ದಿನಕ್ಕೆ 30 ಮಿ.ಗ್ರಾಂ, ಸಾಮಾನ್ಯವಾಗಿ ಒಂದು ವಾರ ಎಂದು ಮಿತಿ ಹಾಕಿದರು. ನಮ್ಮಲ್ಲಿ ಜನ ಇದನ್ನು ವರ್ಷಗಟ್ಟಲೆ ನುಂಗುತ್ತಾರೆ, ಗೊತ್ತಿಲ್ಲದೆಯೇ. ಗ್ಯಾಸ್ ಕ್ಯಾಪ್ಸೂಲಿನ ಹೆಸರಿನ ಕೊನೆಗೆ 'ಡಿ' ಇದ್ದರೆ ಒಳಗೆ ಸಾಮಾನ್ಯವಾಗಿ ಡೊಂಪೆರಿಡೋನ್ ಇರುತ್ತದೆ. ಬೆಳಿಗ್ಗೆ 'ಡಿ' ಕ್ಯಾಪ್ಸೂಲ್, ಮಧ್ಯಾಹ್ನ ವಾಂತಿಗೆ ಬೇರೆ ಡೊಂಪೆರಿಡೋನ್ ಎಂದರೆ ಡಬಲ್ ಆಯಿತು. ಜೊತೆಗೆ ಕೆಮ್ಮಿಗೆ ಕೊಟ್ಟ ಕ್ಲಾರಿಥ್ರೊಮೈಸಿನ್ನೋ, ಫಂಗಸ್ಸಿಗೆ ಕೊಟ್ಟ ಫ್ಲುಕೊನಜೋಲೋ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಮೆಟೊಕ್ಲೊಪ್ರಮೈಡ್. ಒಳ್ಳೆಯ ಔಷಧಿ, ಆದರೆ ಮಕ್ಕಳಿಗೂ ಹದಿಹರೆಯದವರಿಗೂ ನಾನು ಮನೆಮಟ್ಟದಲ್ಲಿ ಬೇಡವೇ ಬೇಡ ಅನ್ನುತ್ತೇನೆ. ಕಾಲೇಜು ಹುಡುಗಿಯೊಬ್ಬಳಿಗೆ ಇದನ್ನು ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಕತ್ತು ಒಂದು ಕಡೆಗೆ ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಮನೆಯವರು ಮೈಮೇಲೆ ಏನೋ ಬಂದಿದೆ ಎಂದು ನಿಂಬೆಹಣ್ಣು ನಿವಾಳಿಸಿದ್ದರು. ಅದು ಔಷಧಿಯ ಅಡ್ಡಪರಿಣಾಮ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಸರಿಹೋಯಿತು. ಐದು ದಿನಕ್ಕಿಂತ ಜಾಸ್ತಿ ಇದನ್ನು ಮುಂದುವರಿಸಬಾರದು.

ಪ್ರೊಕ್ಲೋರ್‌ಪೆರಜಿನ್. ಸ್ಟೆಮೆಟಿಲ್ ಎಂದರೆ ಎಲ್ಲರಿಗೂ ಗೊತ್ತು. ತಲೆಸುತ್ತಿನ ಜೊತೆ ಬರುವ ವಾಂತಿಗೆ, ಕೆಲವೇ ದಿನಕ್ಕೆ. ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಒಯ್ಯುವ ವಯಸ್ಸಾದವರಿಗೆ ಕೈ ನಡುಕ, ನಡಿಗೆ ನಿಧಾನ ಶುರುವಾಗುತ್ತದೆ. ಆ ನಡುಕಕ್ಕೆ ಇನ್ನೊಂದು ಮಾತ್ರೆ ಬರೆಸಿಕೊಳ್ಳುವ ಮೊದಲು ಇದನ್ನು ಡಾಕ್ಟರಿಗೆ ತೋರಿಸಿ.

ಬಸುರಿಗೆ ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆ. ಇಲ್ಲಿನ ತಪ್ಪು ಸಮಯದ್ದು. ಬೆಳಿಗ್ಗೆ ವಾಂತಿ ಆದ ಮೇಲೆ ನುಂಗಿ "ಕೆಲಸ ಮಾಡಲಿಲ್ಲ" ಅನ್ನುತ್ತಾರೆ. ಇದು ನಿಧಾನಕ್ಕೆ ಕರಗುವ ಮಾತ್ರೆ. ಹೆಚ್ಚಾಗಿ ರಾತ್ರಿ ಮಲಗುವಾಗ ಬರೆದಿರುತ್ತಾರೆ, ಬೆಳಗಿನ ಹೊತ್ತಿಗೆ ಕೆಲಸ ಮಾಡಲಿ ಎಂದು. ಮುರಿಯದೆ, ದಿನಾ ತೆಗೆದುಕೊಳ್ಳಬೇಕು. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಆಗದಿದ್ದರೆ, ತೂಕ ಇಳಿಯುತ್ತಿದ್ದರೆ ಡ್ರಿಪ್ ಬೇಕಾಗುತ್ತದೆ. "ನಮ್ಮ ಕಾಲದಲ್ಲೂ ಹೀಗೇ ಇತ್ತು" ಎಂದು ಅತ್ತೆ ಹೇಳಿದರೂ ಹೊರಡಿ.

ಹಂತ 6: ಮತ್ತೆ ವಾಂತಿಯಾದರೆ, ನಿಂತರೆ

ನುಂಗಿದ ಹದಿನೈದು ನಿಮಿಷದೊಳಗೆ ವಾಂತಿಯಾಗಿ, ಮಾತ್ರೆಯೂ ಕಣ್ಣಿಗೆ ಕಂಡರೆ, ಸಾಮಾನ್ಯವಾಗಿ ಅದೇ ಡೋಸನ್ನು ಒಂದು ಸಲ ಮತ್ತೆ ಕೊಡಬಹುದು. ಒಂದು ಗಂಟೆಯ ಮೇಲಾಗಿದ್ದರೆ ಔಷಧಿ ಒಳಗೆ ಹೋಗಿದೆ, ಮತ್ತೆ ಬೇಡ. ಎರಡನೇದೂ ಬಂದರೆ ಮೂರನೇದಕ್ಕೆ ಅಂಗಡಿಗೆ ಬರಬೇಡಿ. ಇಂಜೆಕ್ಷನ್ ಬೇಕಾಗುತ್ತದೆ, ಡಾಕ್ಟರ್ ಹತ್ತಿರ ಹೋಗಿ.

ಮಕ್ಕಳಲ್ಲಿ ನೀರು ಕಡಿಮೆಯಾದದ್ದು ತಿಳಿಯಲು: ಅತ್ತರೆ ಕಣ್ಣೀರು ಬರುವುದಿಲ್ಲ, ಕಣ್ಣು ಗುಳಿ ಬೀಳುತ್ತದೆ, ಆರೇಳು ಗಂಟೆ ಮೂತ್ರ ಇರುವುದಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ. ಆಡುತ್ತಿದ್ದ ಮಗು ಸಪ್ಪಗೆ ಹೆಗಲ ಮೇಲೆ ಬಿದ್ದುಕೊಂಡರೆ ಉಳಿದದ್ದನ್ನು ನೋಡುತ್ತಾ ಕೂರಬೇಡಿ. ಮೂರು ತಿಂಗಳ ಒಳಗಿನ ಕೂಸಿಗೆ ಪದೇ ಪದೇ ವಾಂತಿಯಾದರೆ ಅದೇ ದಿನ ತೋರಿಸಿ. ದೊಡ್ಡವರಿಗೆ 24 ಗಂಟೆ ದಾಟಬಾರದು.

ಸಕ್ಕರೆ ಕಾಯಿಲೆಯವರು ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ ತಾವೇ ನಿಲ್ಲಿಸಬಾರದು. ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನು ಮಾತ್ರ ವಾಂತಿ ಇರುವಾಗ ತಡೆಹಿಡಿಯಬೇಕಾಗಬಹುದು. ಫೋನ್ ಮಾಡಿ ಕೇಳಿ. ರಾತ್ರಿ ಯಾರೂ ಸಿಗದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ.

ನಾಲ್ಕೈದು ಗಂಟೆ ವಾಂತಿ ಇಲ್ಲದಿದ್ದರೆ ಉಪ್ಪು ಹಾಕಿದ ತೆಳು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಇಡ್ಲಿ. ಎರಡು ದಿನ ಕಾಫಿ ಬೇಡ. ಕಾಫಿ ನಾಡಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಕೇಳುವವರೂ ಕಡಿಮೆ.

ಹಂತ 7: ಘಾಟಿ ಇಳಿಯುವವರಿಗೆ ಬೇರೆ ಲೆಕ್ಕ

ಶಿರಾಡಿ, ಚಾರ್ಮಾಡಿ ಇಳಿಯುವವರು, ಮುಳ್ಳಯ್ಯನಗಿರಿ ಹತ್ತುವವರು ಒಂಡಾನ್ಸೆಟ್ರಾನ್ ಕೇಳುತ್ತಾರೆ. ಅದು ಒಳಕಿವಿಯ ದಾರಿಯನ್ನು ಮುಚ್ಚುವುದಿಲ್ಲ, ಇಲ್ಲಿ ಹೆಚ್ಚು ಪ್ರಯೋಜನ ಇಲ್ಲ. ಇದಕ್ಕೆ ಬೇಕಾದದ್ದು ಪ್ರೊಮೆಥಜಿನ್, ಅಂದರೆ ಅವೊಮಿನ್ ಎಂದು ಸಿಗುವ 25 ಮಿ.ಗ್ರಾಂ ಮಾತ್ರೆ. ತಿರುವು ಶುರುವಾದ ಮೇಲೆ ನುಂಗಿದರೆ ಹಾಳು. ಘಾಟಿ ತಲುಪುವ ಒಂದೆರಡು ಗಂಟೆ ಮೊದಲು ಒಳಗೆ ಹೋಗಿರಬೇಕು. ಹಾಸನದಿಂದ ಧರ್ಮಸ್ಥಳಕ್ಕೆ ಹೋಗುವವರು ಮನೆ ಬಿಡುವ ಮೊದಲೇ ನುಂಗಿದರೆ ಸರಿ. ಸಕಲೇಶಪುರದಲ್ಲಿ ಬಸ್ ನಿಂತಾಗ ನನ್ನ ಅಂಗಡಿಗೆ ಓಡಿಬಂದರೆ ತಡವಾಯಿತು.

ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರು ನಿಧಾನವಾಗುವ ಅಪಾಯ ಇದೆ. ಅದಕ್ಕಿಂತ ದೊಡ್ಡ ಮಕ್ಕಳಿಗೂ ಡಾಕ್ಟರನ್ನು ಕೇಳಿಯೇ. ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸುವವರು ಮುಟ್ಟಬೇಡಿ. ಮೇಲೆ ಬಿಯರ್ ಕುಡಿಯುವ ಯೋಚನೆಯೂ ಬೇಡ. ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ಇರುವ ಹಿರಿಯರು ಕೇಳದೆ ತೆಗೆದುಕೊಳ್ಳಬಾರದು.

ಹಿಂದಿನ ಸೀಟು ಬಿಡಿ, ಅಲ್ಲಿ ಓಲಾಟ ಜಾಸ್ತಿ. ಮುಂದೆ ಕೂತು ದೂರದ ರಸ್ತೆ ನೋಡಿ, ಮೊಬೈಲ್ ಒಳಗಿಡಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಕೊಟ್ಟಿಗೆಹಾರದಲ್ಲಿ ಇಳಿದು ನಾಲ್ಕು ನೀರುದೋಸೆ ಬಾರಿಸುವುದೂ ಬೇಡ. ಒಂದು ಸಾಕು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ.

ಹೋಗುವಾಗಿನ ಮಾತ್ರೆ ವಾಪಸ್ ಬರುವಾಗಲೂ ಇರುತ್ತದೆ ಎಂದು ನಂಬಿ ಕೂರಬೇಡಿ. ಅದೇ ದಿನ ವಾಪಸ್ ಬರುವುದಿದ್ದರೆ ಎರಡನೇ ಡೋಸ್ ಬೇಕೇ, ಯಾವಾಗ ಎಂದು ಮೊದಲೇ ಕೇಳಿಕೊಂಡು ಹೊರಡಿ. ದರ್ಶನ, ಊಟ ಮುಗಿಸಿ, ತುಂಬಿದ ಹೊಟ್ಟೆಯಲ್ಲಿ ಬಸ್ ಹತ್ತಿದವರೇ ಸಂಜೆ ಘಾಟಿ ಏರಿ ಬಂದು ನನ್ನ ಅಂಗಡಿ ಮುಂದೆ ಪ್ಲಾಸ್ಟಿಕ್ ಕವರ್ ಹಿಡಿದು ನಿಲ್ಲುವುದು.